ಯೇಸುವೇ ದ್ರಾಕ್ಷಾರಸ ಮಾಡಿಕೊಟ್ಟ ಮೇಲೆ ನಾನು ಬಿಯರ್ ಕುಡಿದರೆ ತಪ್ಪೇನು?

ನೀವು ಬೀದರ್‌ನ ಮೆಥೋಡಿಸ್ಟ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಮನೆಯವರು, ಹೈದರಾಬಾದ್‌ನಲ್ಲಿ ನೌಕರಿ, ಶನಿವಾರ ಗೆಳೆಯರೊಂದಿಗೆ ಒಂದೆರಡು ಬಿಯರ್. ಕ್ಯಾಥೊಲಿಕ್ ಗೆಳೆಯನ ಮನೆಯಲ್ಲಿ ಕ್ರಿಸ್‌ಮಸ್‌ಗೆ ವೈನ್ ಇಡುತ್ತಾರೆ, ನಿಮ್ಮ ತಂದೆಗೆ ಬಾಟಲಿ ಕಂಡರಾಗದು. ಇದು ಪಾಪವೇ, ಪ್ರಭು ಭೋಜನಕ್ಕೆ (ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಿಯ ಪಾನ ಹಂಚಿಕೊಳ್ಳುವ ಆಚರಣೆಗೆ) ಹೋಗಬಹುದೇ ಎಂದು ಕೇಳಿದ್ದೀರಿ. ನಾನೂ ಬೀದರ್‌ನ ಮೆಥೋಡಿಸ್ಟ್ ಸಭೆಯವಳೇ. ಪಾಸ್ಟರ್ ಅಲ್ಲ, ಬೈಬಲ್ ಶಾಲೆಯಲ್ಲಿ ಓದಿದವಳೂ ಅಲ್ಲ.

ಕುಡಿಯಲೇಬಾರದು ಎಂದು ಬೈಬಲ್ ಎಲ್ಲರಿಗೂ ವಿಧಿಸಿಲ್ಲ. ಅಮಲೇರುವುದನ್ನು ಮಾತ್ರ ಮುಲಾಜಿಲ್ಲದೆ ಖಂಡಿಸುತ್ತದೆ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆರೆದು ನೋಡಿ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದಾಗ ಆರು ಕಲ್ಲಿನ ಬಾನೆಗಳಲ್ಲಿ ತುಂಬಿದ್ದು ಬರೀ ಹಣ್ಣಿನ ರಸ ಎಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಜನ ಚೆನ್ನಾಗಿ ಕುಡಿದ ಮೇಲೆ ಕಳಪೆಯದನ್ನು ಬಡಿಸುವುದು ವಾಡಿಕೆ ಎಂದು ಔತಣದ ಪಾರುಪತ್ಯಗಾರ ಮದುಮಗನಿಗೆ ಹೇಳುತ್ತಾನಲ್ಲ, ಆ ಮಾತಿಗೆ ರಸದಿಂದ ಅರ್ಥ ಬರುವುದಿಲ್ಲ. ಕೊರಿಂಥದಲ್ಲಂತೂ ಪ್ರಭು ಭೋಜನದಲ್ಲೇ ಕೆಲವರು ಮತ್ತರಾದರೆಂದು ಅಲ್ಲಿನ ಸಭೆಗೆ ಪತ್ರ ಬರೆದ ಅಪೊಸ್ತಲ ಪೌಲನು ಗದರಿಸುತ್ತಾನೆ. ದ್ರಾಕ್ಷಾರಸವು ಮನುಷ್ಯನ ಹೃದಯವನ್ನು ಸಂತೋಷಪಡಿಸುತ್ತದೆ ಎಂದು 104ನೇ ಕೀರ್ತನೆ ದೇವರನ್ನು ಕೊಂಡಾಡುತ್ತದೆ. ಇವೆಲ್ಲ ಸತ್ಯವೇದದಲ್ಲೇ ಇರುವಾಗ ಮುಚ್ಚಿಡುವುದು ಏಕೆ?

ಆದರೆ ಅದೇ ಪುಸ್ತಕದ ಜ್ಞಾನೋಕ್ತಿ 23ನ್ನೂ ಓದಿ. ಕಣ್ಣು ಕೆಂಪಾದವನು, ಕಾರಣವಿಲ್ಲದೆ ಗಾಯ ಮಾಡಿಕೊಂಡವನು, ಹೊಡೆದರೂ ನೋವಾಗಲಿಲ್ಲವೆಂದು ಹೇಳಿ ಎಚ್ಚರವಾದ ಕೂಡಲೇ ಮತ್ತೆ ಕುಡಿಯಲು ಹೊರಡುವವನು ಅಲ್ಲಿದ್ದಾನೆ. ಬರೆದವರು ಕುಡುಕನನ್ನು ಹತ್ತಿರದಿಂದ ಕಂಡವರೇ ಇರಬೇಕು. ಇನ್ನು ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲನು ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಸಾಲು. ಪಾಪ, ಆ ತಿಮೊಥೆಯನ ಹೊಟ್ಟೆನೋವು ಎಷ್ಟು ಜನರ ಉಪಯೋಗಕ್ಕೆ ಬಂದಿದೆ! ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಹೊಟ್ಟೆಯ ನೆಪವನ್ನು ಬಿಟ್ಟು ಮಾತನಾಡೋಣ.

ನಿಮ್ಮ ಕ್ಯಾಥೊಲಿಕ್ ಗೆಳೆಯ ತನ್ನ ಸಭೆಯ ಬೋಧನೆಯನ್ನು ಮುರಿಯುತ್ತಿಲ್ಲ. ಅವರಲ್ಲಿ ಬಲಿಪೂಜೆಗೆ (ಅವರ ಪ್ರಭು ಭೋಜನದ ಆರಾಧನೆಗೆ) ದ್ರಾಕ್ಷಿಯಿಂದಾದ ನಿಜವಾದ ವೈನ್ ಬೇಕು. ತಪ್ಪೆನಿಸಿಕೊಳ್ಳುವುದು ಮಿತಿ ಮೀರುವುದು. ನಮ್ಮ ಕತೆ ಬೇರೆ. ಮೆಥೋಡಿಸ್ಟ್ ಪಂಗಡಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 1743ರಲ್ಲಿ ತನ್ನ ಸಂಘಗಳಿಗೆ ಬರೆದ ನಿಯಮಗಳಲ್ಲಿ ಕುಡಿದು ಮತ್ತರಾಗುವುದನ್ನೂ, ಭಟ್ಟಿ ಇಳಿಸಿದ ಮದ್ಯವನ್ನು ಮಾರುವುದು, ಕೊಳ್ಳುವುದು, ಕುಡಿಯುವುದನ್ನೂ ತಡೆದ. ವೈನ್ ಅವನ ಊಟದಲ್ಲಿಯೂ ಇತ್ತು. ಒಂದು ಹನಿಯೂ ಬೇಡವೆಂಬ ಪಟ್ಟು ಬಲವಾದದ್ದು ಮುಂದಿನ ಶತಮಾನದಲ್ಲಿ. 1869ರಲ್ಲಿ ಅಮೆರಿಕದ ಮೆಥೋಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್, ದ್ರಾಕ್ಷಿ ರಸವನ್ನು ಬಿಸಿ ಮಾಡಿ ಹುಳಿಯದಂತೆ ಉಳಿಸುವುದನ್ನು ಕಂಡುಕೊಂಡ. ಪ್ರಭು ಭೋಜನಕ್ಕೆ ಬೇಕೆಂದೇ ಅವನು ಅದಕ್ಕೆ ಕೈ ಹಾಕಿದ್ದು. ನಮ್ಮ ಭಾಗಕ್ಕೆ ಬಂದ ಅಮೆರಿಕನ್ ಮಿಷನರಿಗಳು ಈ ಪಟ್ಟನ್ನೇ ಹೊತ್ತು ತಂದವರು.

ಬೀದರ್‌ನಲ್ಲಿ ಅದು ಬೇರೂರಿದ್ದಕ್ಕೆ ಮಾತ್ರ ಇಲ್ಲಿನದೇ ಕಾರಣವಿದೆ. ನಮ್ಮ ಅನೇಕ ಮನೆತನಗಳಲ್ಲಿ ಅಜ್ಜ ಕ್ರಿಸ್ತನನ್ನು ನಂಬಿದ್ದೂ ಸಾರಾಯಿ ಬಿಟ್ಟದ್ದೂ ಒಂದೇ ಘಟನೆಯಾಗಿ ನೆನಪಿನಲ್ಲಿ ಉಳಿದಿದೆ. ದಿನದ ಕೂಲಿ ಅಂಗಡಿಗೆ ಹೋಗದೆ ಮನೆಗೆ ಬರತೊಡಗಿತು, ಮಕ್ಕಳು ಶಾಲೆಗೆ ಹೋದರು. ನಿಮ್ಮ ತಂದೆಗೆ ಬಾಟಲಿಯಲ್ಲಿ ಕಾಣುವುದು ಆ ಹಳೆಯ ದಿನಗಳು. ಕರ್ನಾಟಕ ಸರ್ಕಾರ 2007ರ ಜುಲೈನಿಂದ ಸಾರಾಯಿ ನಿಷೇಧಿಸಿತು, ನಿಜ. ಅಗ್ಗದ ವಿಸ್ಕಿಯ ಸಣ್ಣ ಪ್ಯಾಕೆಟ್ ಬಂದು ಆ ಜಾಗದಲ್ಲಿ ಕುಳಿತಿತು.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ. ಹಿಂದಿನ ಸಂಜೆ ರಸ ತಯಾರಿಸುವ ಹೆಂಗಸರಲ್ಲಿ ನಾನೂ ಒಬ್ಬಳು. ಕಪ್ಪು ದ್ರಾಕ್ಷಿ ಸಿಗದ ತಿಂಗಳುಗಳಲ್ಲಿ ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡುತ್ತೇವೆ. ಬೇಸಿಗೆಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಹುಳಿಯತೊಡಗುವುದೂ ಉಂಟು. ಬೆಳಗ್ಗೆ ಮೂಸಿ ನೋಡಿ, ವಾಸನೆ ತುಸು ಬೇರೆ ಎನಿಸಿದರೂ ಚೆಲ್ಲಿ ಹೊಸದಾಗಿ ಕುದಿಸುತ್ತೇವೆ. ಕುಡಿತ ಬಿಟ್ಟು ಬಂದವರು ಒಬ್ಬರು ಮೊದಲ ಸಲ ಮೊಣಕಾಲೂರಿದಾಗ ಆ ಪುಟ್ಟ ಗಾಜಿನ ಲೋಟವನ್ನು ಮೂಗಿನ ಬಳಿ ಹಿಡಿದು ಒಂದು ಕ್ಷಣ ತಡೆದರು. ಅವರ ಹೆಂಡತಿ ಪಕ್ಕದಿಂದ ನೋಡುತ್ತಲೇ ಇದ್ದರು. ಆಮೇಲೆ ಕುಡಿದರು.

ಇದನ್ನು ಕಂಡ ಮೇಲೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ನನಗೆ ಒಣ ಉಪದೇಶವಾಗಿ ಉಳಿದಿಲ್ಲ. ನಿನ್ನ ಸಹೋದರ ಎಡವುವಂತಾದರೆ ಮಾಂಸ ತಿನ್ನದಿರುವುದು, ದ್ರಾಕ್ಷಾರಸ ಕುಡಿಯದಿರುವುದು ಒಳ್ಳೆಯದು ಎನ್ನುತ್ತಾನೆ ಪೌಲ. ಅದೇ ಅಧ್ಯಾಯದಲ್ಲಿ, ತಿನ್ನದವನು ತಿನ್ನುವವನ ಬಗ್ಗೆ ತೀರ್ಪು ಮಾಡಬಾರದು ಎಂದೂ ಹೇಳುತ್ತಾನೆ. ನಮ್ಮ ಹಿರಿಯರು ಮೊದಲನೆಯದನ್ನು ಗಟ್ಟಿಯಾಗಿ ಓದುತ್ತಾರೆ, ಎರಡನೆಯದು ಬಂದಾಗ ಪುಟ ತಿರುಗಿಸುತ್ತಾರೆ. ಹಾಗಾಗಿ ಹೈದರಾಬಾದ್‌ನಲ್ಲಿ ಲೆಕ್ಕ ತಪ್ಪದೆ ಕುಡಿದ ಬಿಯರನ್ನು ನಾನು ಪಾಪವೆಂದು ಕರೆಯುವುದಿಲ್ಲ. ಬೀದರ್‌ಗೆ ಬಂದಾಗ ಬೇಡ ಎನ್ನುತ್ತೇನೆ. ಮದುವೆಯ ಮೆರವಣಿಗೆಯ ಹಿಂದೆ ಕಾರಿನ ಡಿಕ್ಕಿ ತೆರೆದು ಹುಡುಗರಿಗೆ ಸುರಿದು ಕೊಡುವ ಕೆಲಸವಂತೂ ಬೇಡವೇ ಬೇಡ. ಆ ಗುಂಪಿನಲ್ಲಿ ಯಾರ ಮನೆಯ ಸ್ಥಿತಿ ಏನೆಂದು ನಿಮಗೆ ಗೊತ್ತಿರುವುದಿಲ್ಲ.

ಎರಡು ಬಿಯರ್ ನಾಲ್ಕಾಗುತ್ತಿದ್ದರೆ, ಬಿಟ್ಟ ದಿನ ಕೈ ನಡುಗಿದರೆ, ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಮಾತನಾಡಬಹುದು.

ಪ್ರಭು ಭೋಜನಕ್ಕೆ ಹೋಗಿ. ಒಬ್ಬೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ರೊಟ್ಟಿಯನ್ನು ತಿನ್ನಲಿ ಎಂದು ಪೌಲನು ಬರೆದಿದ್ದಾನೆ, ಪರೀಕ್ಷಿಸಿಕೊಂಡು ಮನೆಯಲ್ಲೇ ಕುಳಿತಿರಲಿ ಎಂದಲ್ಲ. ಶನಿವಾರ ರಾತ್ರಿ ಕುಡಿದದ್ದು ಭಾನುವಾರ ಬೆಳಗ್ಗೆಯೂ ಬಾಯಲ್ಲಿ ನಾರುತ್ತಿದ್ದರೆ ಮಾತ್ರ ಆ ತಿಂಗಳು ಬಿಟ್ಟುಬಿಡಿ.