ನಾಲ್ಕು ವೈರ್‌ಲೆಸ್ ಮೈಕ್ ಒಟ್ಟಿಗೆ ಆನ್ ಆದಾಗ ಬರುವ ಗಲಾಟೆ: ಮೊದಲು ರಿಸೀವರ್ ಕಡೆ ನೋಡಿ

ನೀವು ಹೇಳಿದ ಪ್ರಕಾರ ಒಂದೊಂದೇ ಮೈಕ್ ಆನ್ ಮಾಡಿದರೆ ಚೆನ್ನಾಗಿದೆ, ನಾಲ್ಕೂ ಆನ್ ಆದರೆ ಚರ್ರ್ ಅನ್ನುತ್ತದೆ. ಮಾತಾಡುವವರು ತಿರುಗಿ ನಿಂತರೆ ದನಿ ಕಟ್ ಆಗುತ್ತದೆ, ಜೋರಾಗಿ ಮಾತಾಡಿದರೆ ಒಡೆಯುತ್ತದೆ. ಹೊಸ ಸೆಟ್ ತಗೋಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಇವು ಮೂರೂ ಬೇರೆ ಬೇರೆ ತೊಂದರೆಗಳು, ಮೂರೂ ಸೆಟ್ಟಿಂಗ್‌ನಲ್ಲೇ ಸರಿಹೋಗುವಂಥವು.

ಮೊದಲು ಆಂಟೆನಾ. ರಿಸೀವರ್ ಅನ್ನು (ಮೈಕ್‌ನ ಸಿಗ್ನಲ್ ಹಿಡಿದು ಮಿಕ್ಸರ್‌ಗೆ ಕೊಡುವ ಪೆಟ್ಟಿಗೆ) ವೇದಿಕೆ ಕೆಳಗಿನ ಕಬ್ಬಿಣದ ರ‍್ಯಾಕ್‌ನಲ್ಲಿ ಇಟ್ಟಿದ್ದೀರಿ, ಆಂಟೆನಾ ಹಿಂಭಾಗದಲ್ಲಿದೆ ಅಂದಿರಿ. ಅಲ್ಲೇ ಅರ್ಧ ಸಿಗ್ನಲ್ ಹೋಯಿತು. ಮೈಕ್‌ನಿಂದ ಹೊರಡುವುದು ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್ ಅಷ್ಟೇ, ಮತ್ತು ಮನುಷ್ಯನ ಮೈ ಈ ತರಂಗಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಆಂಟೆನಾ ಜನರ ತಲೆಗಿಂತ ಮೇಲಿರಲಿ, ಮೈಕ್ ಹಿಡಿದವರು ಅಲ್ಲಿಂದ ನೇರವಾಗಿ ಕಾಣಲಿ. ಎರಡು ಆಂಟೆನಾಗಳನ್ನು ‘ವಿ’ ಆಕಾರದಲ್ಲಿ, ಒಂದೊಂದನ್ನೂ 45 ಡಿಗ್ರಿ ಓರೆ ಮಾಡಿ ಇಡಿ. ಮೈಕ್ ಯಾವ ಕಡೆ ವಾಲಿದರೂ ಎರಡರಲ್ಲಿ ಒಂದಕ್ಕೆ ಸಿಗ್ನಲ್ ಸಿಗಲಿ ಅಂತಲೇ ಎರಡು ಕೊಟ್ಟಿರುವುದು. ಒಂದನ್ನು ಬಿಚ್ಚಿಟ್ಟು ‘ಒಂದೇ ಸಾಕು’ ಅನ್ನುವವರ ಮಾತು ಕೇಳಬೇಡಿ. ವೈಫೈ ರೂಟರ್, ಎಲ್‌ಇಡಿ ಪರದೆ ಪಕ್ಕದಲ್ಲಿ ಇರಬಾರದು. ಮೈಕ್ ಕೂಡ ತೀರಾ ಹತ್ತಿರ ಬೇಡ, ಒಂದು ಮೂರು ಮೀಟರ್ ದೂರ ಇದ್ದರೆ ಒಳ್ಳೆಯದು. ಕೇಬಲ್ ಎಳೆದು ಆಂಟೆನಾ ಮೇಲಿಡುವುದಾದರೆ 50 ಓಮ್ ಕೇಬಲ್ ಬಳಸಿ. ತೆಳು ಕೇಬಲ್‌ನಲ್ಲಿ 10 ಮೀಟರ್ ಎಳೆದರೆ ಸುಮಾರು ಅರ್ಧ ಸಿಗ್ನಲ್ ಅದರಲ್ಲೇ ಸೋರಿಹೋಗುತ್ತದೆ. ಇನ್ನೊಂದು, ಕೈ ಮೈಕ್‌ನ ತಳವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಾರದು. ಬಹಳಷ್ಟು ಮೈಕ್‌ಗಳಲ್ಲಿ ಆಂಟೆನಾ ಇರುವುದೇ ಅಲ್ಲಿ.

ಈಗ ಚರ್ರ್ ಸದ್ದು. ಇದರಲ್ಲೇ ಎಲ್ಲರೂ ಎಡವುವುದು. ನಾಲ್ಕು ಮೈಕ್‌ಗಳ ಫ್ರೀಕ್ವೆನ್ಸಿಯನ್ನು 600.0, 600.4, 600.8, 601.2 ಮೆಗಾಹರ್ಟ್ಸ್ ಅಂತ ಸಮಾನ ಅಂತರದಲ್ಲಿ ಹಾಕಿದ್ದೀರಲ್ವಾ? ನೋಡಲು ಅಚ್ಚುಕಟ್ಟು, ಆದರೆ ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ಎರಡು ಟ್ರಾನ್ಸ್‌ಮಿಟರ್ (ಇಲ್ಲಿ ಮೈಕ್‌ಗಳೇ) ಹತ್ತಿರ ಹತ್ತಿರ ಇದ್ದರೆ ಅವುಗಳ ಸಿಗ್ನಲ್ ಬೆರೆತು ಬೇರೆ ಫ್ರೀಕ್ವೆನ್ಸಿಗಳು ಹುಟ್ಟುತ್ತವೆ. ಲೆಕ್ಕ ಹಾಕಿ ನೋಡಿ: 600.4ರ ಎರಡರಷ್ಟು 1200.8, ಅದರಲ್ಲಿ 600.0 ಕಳೆದರೆ 600.8. ಅಂದರೆ ಮೊದಲ ಎರಡು ಮೈಕ್ ಸೇರಿ ಮೂರನೆಯದರ ಮೇಲೆ ನೇರವಾಗಿ ಬೀಳುತ್ತಿವೆ. ಒಂದೊಂದೇ ಹಾಕಿದಾಗ ಸರಿ ಇರುವುದೂ ಇದಕ್ಕೇ. ಕೈಯಲ್ಲಿ ಲೆಕ್ಕ ಮಾಡುತ್ತ ಕೂರಬೇಡಿ. ರಿಸೀವರ್‌ನಲ್ಲಿ ‘ಗ್ರೂಪ್’ ಮತ್ತು ‘ಚಾನೆಲ್’ ಅಂತ ಇರುತ್ತದೆ. ನಾಲ್ಕನ್ನೂ ಒಂದೇ ಗ್ರೂಪ್‌ನಲ್ಲಿ, ಬೇರೆ ಬೇರೆ ಚಾನೆಲ್‌ಗೆ ಹಾಕಿ. ಕಂಪನಿಯವರು ಈ ಲೆಕ್ಕ ಮಾಡಿಯೇ ಗ್ರೂಪ್ ಮಾಡಿರುತ್ತಾರೆ.

ಸ್ಕ್ಯಾನ್ ಮಾಡುವಾಗ, ಅಂದರೆ ರಿಸೀವರ್‌ನಿಂದಲೇ ಖಾಲಿ ಚಾನೆಲ್ ಹುಡುಕಿಸುವಾಗ, ಕ್ರಮ ಮುಖ್ಯ. ನಿಮ್ಮ ಮೈಕ್ ಎಲ್ಲಾ ಆಫ್ ಇರಲಿ, ಕಾರ್ಯಕ್ರಮದ ಲೈಟು, ಪರದೆ ಎಲ್ಲಾ ಆನ್ ಇರಲಿ. ಮೊದಲ ರಿಸೀವರ್ ಸ್ಕ್ಯಾನ್ ಮಾಡಿ, ಸಿಂಕ್ ಮಾಡಿ (ಮೈಕ್ ಅನ್ನೂ ಅದೇ ಚಾನೆಲ್‌ಗೆ ಹಾಕಿ), ಆ ಮೈಕ್ ಆನ್ ಮಾಡಿಯೇ ಬಿಡಿ. ಆಮೇಲೆ ಎರಡನೆಯದು, ಹೀಗೇ ಮುಂದೆ. ಮುಗಿದ ಮೇಲೆ ಒಂದೊಂದೇ ಮೈಕ್ ಆಫ್ ಮಾಡಿ ಅದರ ರಿಸೀವರ್‌ನ ಆರ್‌ಎಫ್ ಮೀಟರ್ (ರೇಡಿಯೋ ಸಿಗ್ನಲ್‌ನ ಬಲ ತೋರಿಸುವುದು) ನೋಡಿ. ಮೈಕ್ ಆಫ್ ಆದರೂ ಮೀಟರ್ ಏರಿಯೇ ಇದ್ದರೆ ಆ ಚಾನೆಲ್ ಬದಲಿಸಿ. ಸ್ಕ್ವೆಲ್ಚ್ (ಸಿಗ್ನಲ್ ಕ್ಷೀಣವಾದಾಗ ದನಿ ಮುಚ್ಚುವ ಸೆಟ್ಟಿಂಗ್) ಮುಟ್ಟಬೇಡಿ. ಏರಿಸಿದರೆ ಸದ್ದು ನಿಂತಂತೆ ಕಾಣುತ್ತದೆ, ಆದರೆ ಮೈಕ್ ಹೋಗುವ ದೂರ ಕಮ್ಮಿಯಾಗುತ್ತದೆ.

ದನಿ ಒಡೆಯುವುದಕ್ಕೂ ರೇಡಿಯೋಗೂ ಸಂಬಂಧ ಇಲ್ಲ. ಅದು ಎಎಫ್ ಮೀಟರ್‌ನ, ಅಂದರೆ ದನಿಯ ಮಟ್ಟ ತೋರಿಸುವ ಮೀಟರ್‌ನ ವಿಷಯ. ಜೋರಾಗಿ ಮಾತಾಡಿಸಿ ನೋಡಿ, ಕೆಂಪು ಹತ್ತಿದರೆ ಮೈಕ್‌ನಲ್ಲೇ ಗೇನ್ (ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ಇಳಿಸಬೇಕು. ರಿಸೀವರ್‌ನ ವಾಲ್ಯೂಮ್ ಇಳಿಸಿದರೆ ಒಡೆದ ದನಿಯೇ ಸಣ್ಣಗೆ ಕೇಳುತ್ತದೆ, ಅಷ್ಟೇ. ಕೆಂಪು ಹತ್ತದೆಯೂ ಒಡೆದರೆ ಮಿಕ್ಸರ್ ಕಡೆ ಹೋಗಿ. ರಿಸೀವರ್ ಲೈನ್ ಲೆವೆಲ್‌ನಲ್ಲಿದ್ದು (ಮೈಕ್ ಲೆವೆಲ್‌ಗಿಂತ ಬಹಳ ಜೋರು), ವೈರು ಮೈಕ್ ಇನ್‌ಪುಟ್‌ಗೆ ಹೋಗಿದ್ದರೆ ಹೀಗಾಗುತ್ತದೆ. ರಿಸೀವರ್ ಹಿಂಭಾಗದ ಸ್ವಿಚ್ ‘ಮೈಕ್’ ಕಡೆ ತಳ್ಳಿ. ಮಿಕ್ಸರ್‌ನ ಆ ಚಾನೆಲ್‌ಗೆ ಫ್ಯಾಂಟಮ್ ಪವರ್ (ಕೆಲವು ಮೈಕ್‌ಗಳಿಗೆ ಮಿಕ್ಸರ್ ವೈರಿನಲ್ಲೇ ಕಳಿಸುವ ಕರೆಂಟು) ಬೇಕಿಲ್ಲ, ಆಫ್ ಇರಲಿ.

ಎಲ್ಲಾ ಆದ ಮೇಲೆ ನಾಲ್ಕೂ ಮೈಕ್ ಆನ್ ಇಟ್ಟು, ಒಬ್ಬರು ಮಾತಾಡುತ್ತ ವೇದಿಕೆ ಪೂರ್ತಿ ನಡೆಯಲಿ, ಬೆನ್ನು ತಿರುಗಿಸಿಯೂ ನಿಲ್ಲಲಿ. ಇನ್ನೊಬ್ಬರು ಆರ್‌ಎಫ್ ಮೀಟರ್ ನೋಡುತ್ತಿರಲಿ. ಮೀಟರ್ ಎಲ್ಲಿ ಇಳಿಯುತ್ತದೋ ವೇದಿಕೆಯ ಆ ಜಾಗ ಇಲ್ಲಿ ಬರೆಯಿರಿ, ಆಂಟೆನಾ ಎಲ್ಲಿಗೆ ಸರಿಸಬೇಕು ಅಂತ ಹೇಳುತ್ತೇನೆ.