ಎರಡನೇ ಮಹಾಯುದ್ಧದಲ್ಲಿ ಮಿಡ್‌ವೇ ಕದನಕ್ಕೆ ಮುನ್ನ ಜಪಾನಿನ ಗುಟ್ಟು ಒಡೆದ ಜೋಸೆಫ್ ರೋಶ್‌ಫೋರ್ಟ್ ಯಾರು? ಮುಂದೆ ಅವರಿಗೇನಾಯಿತು?

ರೋಶ್‌ಫೋರ್ಟ್ ಅಮೆರಿಕದ ನೌಕಾಪಡೆಯ ಅಧಿಕಾರಿ. ಟೋಕಿಯೊದಲ್ಲಿ ಮೂರು ವರ್ಷ ಇದ್ದು ಜಪಾನಿ ಭಾಷೆ ಕಲಿತವರು. 1942ರಲ್ಲಿ ಪರ್ಲ್ ಹಾರ್ಬರ್‌ನ ಒಂದು ನೆಲಮಾಳಿಗೆಯಲ್ಲಿ ಅವರ ತಂಡ ಜಪಾನಿನ ಸಂಕೇತ ಸಂದೇಶಗಳನ್ನು ಬಿಡಿಸಲು ಹಗಲಿರುಳು ದುಡಿಯುತ್ತಿತ್ತು. ಒಳಗೆ ಚಳಿ, ಅವರು ಸಮವಸ್ತ್ರದ ಮೇಲೊಂದು ಹಳೆಯ ನಿಲುವಂಗಿ ಹಾಕಿಕೊಂಡು, ಚಪ್ಪಲಿಯಲ್ಲೇ ಓಡಾಡುತ್ತಿದ್ದರು.

ಜಪಾನಿನ ಸಂದೇಶಗಳಲ್ಲಿ ದಾಳಿಯ ಗುರಿ 'ಎಎಫ್' ಎಂದಷ್ಟೇ ಇತ್ತು. ಅದು ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ನೆಲೆಯಿದ್ದ ಮಿಡ್‌ವೇ ದ್ವೀಪವೇ ಎಂದು ರೋಶ್‌ಫೋರ್ಟ್ ಅವರಿಗೆ ಖಾತ್ರಿ, ವಾಷಿಂಗ್ಟನ್‌ಗೆ ಅನುಮಾನ. ಆಗ ಅವರ ಸಹೋದ್ಯೋಗಿ ಜಾಸ್ಪರ್ ಹೋಮ್ಸ್ ಒಂದು ಉಪಾಯ ಸೂಚಿಸಿದರು. 'ಸಿಹಿನೀರಿನ ಯಂತ್ರ ಕೆಟ್ಟಿದೆ' ಎಂದು ಸಂಕೇತವಿಲ್ಲದೆ ರೇಡಿಯೋದಲ್ಲಿ ಸಾರುವಂತೆ ಮಿಡ್‌ವೇಗೆ ಸಮುದ್ರದಡಿಯ ತಂತಿಯ ಮೂಲಕ ಸೂಚನೆ ಹೋಯಿತು. ಸ್ವಲ್ಪದರಲ್ಲೇ 'ಎಎಫ್‌ನಲ್ಲಿ ನೀರಿನ ಕೊರತೆ' ಎಂಬ ಜಪಾನಿ ಸಂದೇಶ ಸಿಕ್ಕಿತು! ಜೂನ್‌ನಲ್ಲಿ ಹೊಂಚು ಹಾಕಿ ಕಾದಿದ್ದ ಅಮೆರಿಕ, ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳನ್ನು ಮುಳುಗಿಸಿತು.

ನನಗೆ ನೋವಾಗುವುದು ಮುಂದಿನ ಕಥೆ. ಅದೇ ಅಕ್ಟೋಬರ್‌ನಲ್ಲಿ ಅವರನ್ನು ಆ ಕೆಲಸದಿಂದ ತೆಗೆದು, ಆಮೇಲೆ ತೇಲುವ ಹಡಗುಕಟ್ಟೆಯೊಂದರ ಉಸ್ತುವಾರಿಗೆ ಹಾಕಿದರು. ಪದಕದ ಶಿಫಾರಸನ್ನೂ ತಳ್ಳಿಹಾಕಿದರು. 1976ರಲ್ಲಿ ಅವರು ತೀರಿಕೊಂಡರು; ಪದಕ ಬಂದದ್ದು 1985ರಲ್ಲಿ.