ಹಳ್ಳಿ ಜನ ವಾಟ್ಸಾಪ್ ಸುದ್ದಿಯನ್ನು ಯಾಕೆ ನಂಬುತ್ತಾರೆ ಅಂತ ಪಿಎಚ್‌ಡಿ ಮಾಡಲು 400 ಜನರ ಪ್ರಶ್ನಾವಳಿ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಪತ್ರಿಕೋದ್ಯಮದಲ್ಲಿ ಎಂಎ ಮುಗಿಸಿ ಪಿಎಚ್‌ಡಿಗೆ ಸೇರಿದ್ದೀರಿ. ವಾಟ್ಸಾಪ್‌ನಲ್ಲಿ ಬರುವ ಸುಳ್ಳು ಸುದ್ದಿಯನ್ನು ಹಳ್ಳಿ ಜನ ಯಾಕೆ ನಂಬುತ್ತಾರೆ ಅನ್ನೋದು ವಿಷಯ. ಗೈಡ್ 400 ಜನರಿಗೆ ಪ್ರಶ್ನಾವಳಿ ಕೊಟ್ಟು ಬಾ ಅಂದಿದ್ದಾರೆ, ಅಷ್ಟು ಸಾಕಾ ಅಂತ ಕೇಳುತ್ತಿದ್ದೀರಿ.

ಸಾಕಾಗಲ್ಲ. ಅದಕ್ಕಿಂತ ಮುಖ್ಯ ಅಂದರೆ, ಮೊದಲು ಮಾಡಬೇಕಾದ ಕೆಲಸ ಅದಲ್ಲ. ನಾನು ಅದೇ ದಾರಿಯಲ್ಲಿ ಹೋಗಿ ಒಂದು ವರ್ಷ ಕಳೆದುಕೊಂಡವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ 384, 400 ಅನ್ನೋ ಸಂಖ್ಯೆಗಳನ್ನು ನೀವು ಎಲ್ಲಾ ಥೀಸಿಸ್‌ಗಳಲ್ಲೂ ನೋಡಿರುತ್ತೀರಿ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅನ್ನೋ ಇಬ್ಬರು ಒಂದು ಪಟ್ಟಿ ಮಾಡಿಕೊಟ್ಟರು. 10 ಲಕ್ಷ ಜನ ಇರುವ ಕಡೆ 384 ಜನರನ್ನು ಕೇಳಿದರೂ ಉತ್ತರ 100ಕ್ಕೆ 95 ಸಲ ಶೇ. 5ರೊಳಗೇ ಆಚೀಚೆ ಇರುತ್ತದೆ, ಅಷ್ಟೇ ಅನ್ನೋದು ಅದರ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದಕ್ಕೊಂದು ಷರತ್ತು ಇದೆ, ಆ 384 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಗೂಗಲ್ ಫಾರ್ಮ್ ಮಾಡಿ ಗೆಳೆಯರ ಗ್ರೂಪಿಗೆ ಹಾಕಿ, ಅವರು ಇನ್ನೊಂದು ಗ್ರೂಪಿಗೆ ಹಾಕಿ, ಹಾಗೆ 400 ಆದರೆ ಆ ಪಟ್ಟಿಗೂ ನಿಮ್ಮ ಸ್ಯಾಂಪಲ್‌ಗೂ ಸಂಬಂಧವೇ ಇಲ್ಲ. ಆಮೇಲೆ ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ಗೆ ಹಾಕಿ ಎಷ್ಟು ಟೇಬಲ್ ತೆಗೆದರೂ ಅಷ್ಟೇ.

ನನ್ನದು ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಸುದ್ದಿ ನೋಡುವವರ ಬಗ್ಗೆ ಇದ್ದ ಕೆಲಸ. ಮನೆ ಮನೆಗೆ ಹೋಗಿ 300 ಜನರನ್ನು ಕೇಳಿದೆ. 'ದಿನಕ್ಕೆ ಎಷ್ಟು ಹೊತ್ತು ಸುದ್ದಿ ನೋಡುತ್ತೀರಿ' ಅನ್ನೋದಕ್ಕೆ ಮುಕ್ಕಾಲು ಪಾಲು ಜನ ಒಂದು ತಾಸು, ಎರಡು ತಾಸು ಅಂದರು. ಧಾರಾವಾಹಿ ನೋಡುತ್ತೀರಾ ಅಂದರೆ, ಸೊಸೆ ನೋಡುತ್ತಾಳೆ, ನಾನು ಸುಮ್ನೆ ಪಕ್ಕದಲ್ಲಿ ಕೂತಿರುತ್ತೇನೆ ಅನ್ನೋರು. ಕಾಲೇಜಿನ ಕಡೆಯಿಂದ ಒಬ್ಬಳು ಕೈಯಲ್ಲಿ ಪೆನ್ನು ಕಾಗದ ಹಿಡಿದು ಬಂದಿದ್ದಾಳೆ ಅಂದರೆ ಯಾರೇ ಆಗಲಿ ಪರೀಕ್ಷೆಗೆ ಕೂತ ಹಾಗೆ ಉತ್ತರ ಕೊಡುತ್ತಾರೆ. ಅವರು ಸುಳ್ಳು ಹೇಳಲಿಲ್ಲ. ಒಳ್ಳೆಯ ಉತ್ತರ ಅಂತ ಅನಿಸಿದ್ದನ್ನು ಹೇಳಿದರು. ಅದು ನನಗೆ ಗೊತ್ತಾಗಿದ್ದು ಟೇಬಲ್‌ಗಳೆಲ್ಲಾ ಆದ ಮೇಲೆ, ಅನುಮಾನ ಬಂದು ಅದೇ ಮನೆಗಳಲ್ಲಿ ಕೆಲವಕ್ಕೆ ವಾಪಸ್ ಹೋದಾಗ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು, 70 ದಾಟಿದವರು, 'ದಿನಾ ಎರಡ್ ತಾಸು ನ್ಯೂಜ್ ನೋಡ್ತೀನವ್ವಾ' ಅಂತ ಬರೆಸಿದ್ದರು. ಈ ಸಲ ನಾನು ಏನೂ ಕೇಳಲಿಲ್ಲ. ಪಡಸಾಲೆಯಲ್ಲಿ ಅವರ ಜೊತೆ ಕೂತು ಶೇಂಗಾ ಸುಲಿಯುತ್ತಾ ಇದ್ದೆ. ಟಿವಿಯಲ್ಲಿ ನ್ಯೂಸ್ ಚಾನೆಲ್ ನಿಜಕ್ಕೂ ಓಡುತ್ತಿತ್ತು, ಜೋರಾಗಿಯೇ. ಅಜ್ಜಿ ಕಣ್ಣು ಮೊರದ ಮೇಲೆ. ಒಂದೂವರೆ ತಾಸಿನಲ್ಲಿ ಅವರು ತಲೆ ಎತ್ತಿ ಟಿವಿ ನೋಡಿದ್ದು ನಾಲ್ಕು ಸಲ. ಅದರಲ್ಲಿ ಮೂರು ಸಲ 'ಹುಬ್ಬಳ್ಳಿ' ಅನ್ನೋ ಮಾತು ಕಿವಿಗೆ ಬಿದ್ದಾಗ. ಕೈ ಹಾಗೇ ನಿಲ್ಲುತ್ತಿತ್ತು, ಸುದ್ದಿ ಏನು ಅಂತ ಪೂರ್ತಿ ಕೇಳಿ ಮತ್ತೆ ಸುಲಿಯೋರು. ಮಗ ಹುಬ್ಬಳ್ಳಿಯಲ್ಲಿ ಲಾರಿ ಓಡಿಸುತ್ತಾನೆ ಅಂತ ಆಮೇಲೆ ಗೊತ್ತಾಯಿತು. 'ಮತ್ತ ಉಳಿದಿದ್ದ ಹೊತ್ತು ಯಾಕ ಹಚ್ಚಿಡ್ತೀರಿ ಅಜ್ಜಿ' ಅಂದೆ. 'ಮನ್ಯಾಗ ಮಂದಿ ಇದ್ದಂಗ ಆಕ್ಕೈತವ್ವಾ. ಆರಿಸಿದ್ರ ಮನಿ ಭಣಭಣ ಅಂತೈತಿ' ಅಂದರು.

ನನ್ನ ಪ್ರಶ್ನಾವಳಿಯಲ್ಲಿ ಈ ಉತ್ತರ ಬರೆಯೋದಕ್ಕೆ ಒಂದು ಚೌಕವೂ ಇರಲಿಲ್ಲ.

ಇಂಥದ್ದನ್ನು ನಮಗಿಂತ ಎಷ್ಟೋ ಮೊದಲು ಕಂಡವರಿದ್ದಾರೆ. 1945ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದರು, ಎರಡು ವಾರಕ್ಕೂ ಹೆಚ್ಚು ದಿನ ಜನರ ಕೈಗೆ ಪೇಪರ್ ಸಿಗಲಿಲ್ಲ. ಆಗ ಬರ್ನಾರ್ಡ್ ಬೆರೆಲ್ಸನ್ ಅನ್ನೋ ಸಂಶೋಧಕರು ಮ್ಯಾನ್‌ಹಟನ್‌ನಲ್ಲಿ ಬರೀ 60 ಜನರನ್ನು ಕೂರಿಸಿಕೊಂಡು ಪೇಪರ್ ಇಲ್ಲದೆ ಏನು ಕಳೆದುಕೊಂಡಿರಿ ಅಂತ ಬಿಡಿಸಿ ಬಿಡಿಸಿ ಕೇಳಿದರು. ಎಲ್ಲರೂ ಮೊದಲು ದೊಡ್ಡ ಮಾತೇ ಆಡಿದರು, ಲೋಕದ ಸುದ್ದಿ ತಿಳಿಯಲು ಪೇಪರ್ ಬೇಕೇ ಬೇಕು ಅಂತ. ಸರಿ, ಯಾವ ಸುದ್ದಿ ತಪ್ಪಿಹೋಯಿತು ಅಂದರೆ ಹೆಸರಿಟ್ಟು ಹೇಳಿದವರು ಕಡಿಮೆ. ಬೆಳಗಿನ ಅಭ್ಯಾಸ ತಪ್ಪಿತ್ತು, ರೇಡಿಯೋ ಕಾರ್ಯಕ್ರಮದ ಪಟ್ಟಿ ಸಿಗುತ್ತಿರಲಿಲ್ಲ, ಯಾರು ತೀರಿಹೋದರು ಅನ್ನೋದು ತಿಳಿಯುತ್ತಿರಲಿಲ್ಲ. 1949ರಲ್ಲಿ ಅಚ್ಚಾದ ಆ ಲೇಖನವನ್ನು ಇವತ್ತಿಗೂ ಪಾಠದಲ್ಲಿ ಓದಿಸುತ್ತಾರೆ. 60 ಜನ, ನೋಡಿ. ನಿಮ್ಮ ಗೈಡ್ ಹತ್ತಿರ ಮಾತಾಡುವಾಗ ಇದು ಉಪಯೋಗಕ್ಕೆ ಬರುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 'ಯಾಕೆ ನಂಬುತ್ತಾರೆ' ಅನ್ನೋ ಪ್ರಶ್ನೆಯಲ್ಲೇ ತೊಂದರೆ ಇದೆ ಅಂತ ನನಗೆ ಅನಿಸುತ್ತದೆ. ನಂಬುತ್ತಾರೆ ಅಂತ ನೀವು ಮೊದಲೇ ತೀರ್ಮಾನ ಮಾಡಿದ ಹಾಗಾಯಿತಲ್ವಾ? ಅದೇ ಊರಿನಲ್ಲಿ ಕಿರಾಣಿ ಅಂಗಡಿಯವರೊಬ್ಬರು ನನ್ನ ಎದುರಿಗೇ ಯಾವುದೋ ಮಾತ್ರೆ ತಿಂದರೆ ಮಕ್ಕಳಿಗೆ ಅಪಾಯ ಅನ್ನೋ ಮೆಸೇಜನ್ನು ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡಿದರು. ಇದು ನಿಜ ಅಂತೀರಾ ಅಂತ ಕೇಳಿದೆ. 'ಖರೆ ಅಲ್ಲ ಅನಸ್ತೈತ್ರಿ ಅಕ್ಕಾರ. ಆದ್ರ ಅಕಸ್ಮಾತ್ ಖರೆ ಇದ್ರ? ತಂಗಿ ಮನ್ಯಾಗ ಸಣ್ಣ ಹುಡುಗ್ರು ಅದಾವು. ಗೊತ್ತಿದ್ದೂ ಹೇಳಲಿಲ್ಲ ಅಂತ ಆಗಬಾರದಲ್ರೀ' ಅಂದರು. ಅವರು ಆ ಮೆಸೇಜನ್ನು ನಂಬಿರಲಿಲ್ಲ. ತಂಗಿಯ ಮೇಲಿನ ಕಾಳಜಿಗೆ ಕಳಿಸಿದರು. ತಂಗಿಗೆ ಬಂದಿದ್ದು ಮಾತ್ರ 'ಅಣ್ಣ ಕಳಿಸಿದ್ದು', ಹಾಗಾಗಿ ಆಕೆ ನಂಬಿರಬಹುದು. ಒಂದೇ ಮೆಸೇಜ್, ಇಬ್ಬರ ಕೈಯಲ್ಲಿ ಎರಡು ಅರ್ಥ. ನಿಮ್ಮ ಸಂಶೋಧನೆ ಇರಬೇಕಾದ್ದು ಆ ಅಣ್ಣ ಮತ್ತು ತಂಗಿಯ ನಡುವೆ.

1940ರ ಅಮೆರಿಕ ಚುನಾವಣೆಯಲ್ಲಿ ಲಾಜರ್ಸ್‌ಫೆಲ್ಡ್ ಅನ್ನೋ ಸಮಾಜಶಾಸ್ತ್ರಜ್ಞ ಮತ್ತು ಜೊತೆಯವರು ಒಹಾಯೋದ ಈರಿ ಕೌಂಟಿಯಲ್ಲಿ 600 ಜನರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದಾಗ ಸಿಕ್ಕಿದ್ದೂ ಹೆಚ್ಚುಕಡಿಮೆ ಇದೇ. ರೇಡಿಯೋ, ಪೇಪರಿಗಿಂತ ಗೊತ್ತಿದ್ದವರ ಮಾತು ಜಾಸ್ತಿ ನಾಟುತ್ತಿತ್ತು. ಅದನ್ನು ನೀವು ಎಂಎಯಲ್ಲೇ ಓದಿದ್ದೀರಿ, ಎರಡು ಹಂತದ ಹರಿವು ಅಂತ: ಸುದ್ದಿ ಮೊದಲು ಕೆಲವರಿಗೆ ಮುಟ್ಟುತ್ತದೆ, ಅವರ ಬಾಯಿಂದ ಉಳಿದವರಿಗೆ. ಪರೀಕ್ಷೆಗೆ ಓದಿ ಮರೆಯೋ ಬದಲು ನಿಮ್ಮ ಊರಿನ ವಾಟ್ಸಾಪ್ ಗ್ರೂಪಿನ ಪಕ್ಕದಲ್ಲಿಟ್ಟು ನೋಡಿ.

ಇದು ಬರೀ ಪಾಠದ ಮಾತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವದಂತಿ ವಾಟ್ಸಾಪ್‌ನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್‌ನನ್ನು ಗುಂಪು ಹೊಡೆದು ಕೊಂದಿತು. ಅದನ್ನು ಫಾರ್ವರ್ಡ್ ಮಾಡಿದವರಲ್ಲಿ ಎಷ್ಟೋ ಜನ ತಮ್ಮವರ ಮಕ್ಕಳು ಹುಷಾರಾಗಿರಲಿ ಅಂತಲೇ ಕಳಿಸಿರುತ್ತಾರೆ ಅನ್ನೋದು ನನ್ನ ಅನಿಸಿಕೆ. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ತಂದಿತು. ಗಮನಿಸಿ, ಅವರು ಜನರ ನಂಬಿಕೆಗೆ ಕೈ ಹಾಕಲಿಲ್ಲ, ಕಳಿಸೋದಕ್ಕೆ ತಡೆ ಹಾಕಿದರು. 'ಯಾಕೆ ನಂಬುತ್ತಾರೆ' ಬದಲು 'ಯಾರು, ಯಾರಿಗೆ, ಏನಂದುಕೊಂಡು ಕಳಿಸುತ್ತಾರೆ' ಅಂತ ಬದಲಾಯಿಸಿಕೊಂಡರೆ ನಿಮ್ಮ ಕೆಲಸ ಆ ಊರುಗಳಿಗೆ ನಿಜಕ್ಕೂ ಬೇಕಾದ ಕೆಲಸ ಆಗುತ್ತದೆ.

ಊರಲ್ಲಿ ಉಳಿದು ಮಾಡೋದೆಲ್ಲಾ ಸಂಶೋಧನೆಯಾ ಅಂತ ಯಾರಾದರೂ ಕೇಳಿದರೆ ಸೈಟ್ (SITE) ಅನ್ನೋ ಟಿವಿ ಪ್ರಯೋಗ ನೆನಪಿಸಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ಕಡೆ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳು ಅದರಲ್ಲಿದ್ದವು. ಆಗ ದೊಡ್ಡ ಸರ್ವೆಯ ಜೊತೆಗೇ ಕೆಲವು ಹಳ್ಳಿಗಳಲ್ಲಿ ಸಂಶೋಧಕರು ತಿಂಗಳುಗಟ್ಟಲೆ ಉಳಿದು ಜನ ಟಿವಿ ಎದುರು ಏನು ಮಾಡುತ್ತಾರೆ ಅಂತ ನೋಡಿದರು.

ಹಾಗಂತ ಗೈಡ್ ಜೊತೆ ಜಗಳ ಬೇಡ. ಸರ್ವೆಯನ್ನು ಬಿಡಬೇಡಿ, ಹಿಂದಕ್ಕೆ ಹಾಕಿ. ಮೊದಲ ಆರು ತಿಂಗಳು 20, 25 ಮನೆ ಸಾಕು. ಒಂದೇ ಮನೆಗೆ ಮೂರು ಸಲ ಹೋಗಿ, ಮೊದಲ ಸಲ ಏನೂ ಬರೆದುಕೊಳ್ಳಬೇಡಿ. ಅಲ್ಲಿ ಕೇಳಿದ ಮಾತುಗಳಿಂದಲೇ ಪ್ರಶ್ನಾವಳಿ ಮಾಡಿ, 'ಕಾಳಜಿಗೆ ಕಳಿಸಿದೆ' ಅನ್ನೋ ಉತ್ತರಕ್ಕೂ ಅದರಲ್ಲಿ ಜಾಗ ಇರಲಿ. ಆಮೇಲೆ 400 ಮಾಡಿ, ಮತದಾರರ ಪಟ್ಟಿ ಇಟ್ಟುಕೊಂಡು ಸರಿಯಾಗಿ ಆರಿಸಿ. ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ಯೋಜನೆಯಲ್ಲಿ, ಇವೆರಡೂ ಹಂತ ಕಂಡರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಬರೆಯೋ ಮುಂಚೆ ಭಾರತದ ಥೀಸಿಸ್‌ಗಳನ್ನು ಹಾಕಿಡುವ ಶೋಧಗಂಗಾ ಜಾಲತಾಣದಲ್ಲಿ ಇದೇ ವಿಷಯದ ನಾಲ್ಕೈದು ಥೀಸಿಸ್ ತೆಗೆದು ಹಿಂದಿರುವ ಪ್ರಶ್ನಾವಳಿಗಳನ್ನು ಮಾತ್ರ ಓದಿ. ಒಂದೇ ಪ್ರಶ್ನೆ ಎಷ್ಟು ಕಡೆ ಹಾಗೇ ಬಂದಿದೆ ಅಂತ ನಿಮಗೇ ಕಾಣುತ್ತದೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಬೇರೆಯವರ ಫೋನು ಅಂದರೆ ಅವರ ಮನೆಯ ಒಳಕೋಣೆ ಇದ್ದ ಹಾಗೆ. ಗ್ರೂಪಿಗೆ ಸುಮ್ನೆ ಸೇರಿಕೊಂಡು ನೋಡೋದು ಬೇಡ, ಸ್ಕ್ರೀನ್‌ಶಾಟ್ ಬೇಡ, ನಂಬರ್ ಅಂತೂ ಎಲ್ಲೂ ಬರೆದುಕೊಳ್ಳಬೇಡಿ. ಫೋನು ಅವರ ಕೈಯಲ್ಲೇ ಇರಲಿ. ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿ: 'ನಿನ್ನೆ ಕೊನೆಗೆ ಯಾರಿಗೆ ಏನು ಕಳಿಸಿದ್ರಿ?' ಅವರೇ ಬೆರಳಲ್ಲಿ ಮೇಲಕ್ಕೆ ಸರಿಸುತ್ತಾ ಹುಡುಕಿ ಹೇಳುತ್ತಾರೆ, ಅದರ ಹಿಂದಿನ ಕಥೆಯನ್ನೂ ಹೇಳುತ್ತಾರೆ. ನನಗೆ ಅರ್ಧ ಅಧ್ಯಾಯ ಸಿಕ್ಕಿದ್ದು ಅಲ್ಲೇ.